ಸ್ಟಾಕ್‌ಫಿಶ್‌ನ ನೆಟ್ ಫೈಲ್‌ಗೆ ಇಂಥ ಹೆಸರು ಯಾಕೆ?

ಸ್ಟಾಕ್‌ಫಿಶ್ ಚೆಸ್ ಎಂಜಿನ್‌ನ ಒಳಗೆ ಒಂದು ನ್ಯೂರಲ್ ನೆಟ್‌ವರ್ಕ್ (ಚಿಕ್ಕದಾಗಿ ‘ನೆಟ್’) ಇದೆ. ಬೋರ್ಡ್ ನೋಡಿ ಯಾರ ಕೈ ಮೇಲಿದೆ, ಎಷ್ಟು ಮೇಲಿದೆ ಅಂತ ಅಂದಾಜು ಹೇಳುವುದು ಅದರ ಕೆಲಸ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಸ್ಟಾಕ್‌ಫಿಶ್ 12ರಿಂದ ಇದು ಶುರುವಾಯಿತು. ಮೂಲ ಐಡಿಯಾ ಜಪಾನಿನ ಶೋಗಿ ಆಟದ್ದು. ಯು ನಾಸು ಎಂಬ ಶೋಗಿ ಪ್ರೋಗ್ರಾಮರ್ ಅದನ್ನು 2018ರಲ್ಲಿ ಮುಂದಿಟ್ಟರು. ಒಂದು ನಡೆಯಲ್ಲಿ ಜಾಗ ಬದಲಿಸುವುದು ಒಂದೆರಡು ಕಾಯಿ ಮಾತ್ರ ಅಲ್ವಾ? ಹಾಗಾಗಿ ಮೊದಲ ಪದರದ ಲೆಕ್ಕವನ್ನು ಪ್ರತಿ ಸಲ ಹೊಸದಾಗಿ ಮಾಡಬೇಕಿಲ್ಲ, ಬದಲಾದಷ್ಟನ್ನು ತಿದ್ದಿದರೆ ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲೂ ಇದು ಸರಸರ ಓಡುವುದು ಅದಕ್ಕೇ.

ಈ ನೆಟ್ ಇರುವ ಫೈಲ್‌ನ ಹೆಸರು ಮಾತ್ರ ವಿಚಿತ್ರ. ಸ್ಟಾಕ್‌ಫಿಶ್ 12ರದ್ದು 82215ಡಿ0ಎಫ್‌ಡಿ0ಡಿಎಫ್. ಇದು ಫೈಲ್‌ನ ಬೆರಳಚ್ಚು. ಫೈಲ್‌ನ ಎಲ್ಲ ಬೈಟ್‌ಗಳನ್ನು ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಹಾಕಿದರೆ 64 ಅಂಕಿ-ಅಕ್ಷರಗಳ ಉತ್ತರ ಬರುತ್ತದೆ. ಅದರ ಮೊದಲ 12 ಈ ಹೆಸರು. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಉತ್ತರ ಪೂರ್ತಿ ಬೇರೆ. ಎಂಜಿನ್ ಕಂಪೈಲ್ ಮಾಡುವಾಗ, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟುವಾಗ, ಒಂದು ಸ್ಕ್ರಿಪ್ಟ್ ಈ ಲೆಕ್ಕವನ್ನು ಮತ್ತೆ ಮಾಡಿ ಹೆಸರಿನ ಜೊತೆ ತಾಳೆ ನೋಡುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಲೀಲಾ ಎಂಬ ಇನ್ನೊಂದು ಚೆಸ್ ಎಂಜಿನ್‌ನ ನೆಟ್‌ಗಳಿಗೆ ಸಾಲಾಗಿ ಸಂಖ್ಯೆ ಕೊಟ್ಟದ್ದೂ ಉಂಟು. ಓದಲು ಅದು ಸುಲಭ. ಆದರೆ ಸಂಖ್ಯೆ ದೊಡ್ಡದಾದಷ್ಟೂ ನೆಟ್ ಜಾಸ್ತಿ ಗಟ್ಟಿ ಅನ್ನಿಸಿಬಿಡುತ್ತದೆ. ಬೆರಳಚ್ಚಿನ ಹೆಸರು ಅಂಥ ಭ್ರಮೆ ಹುಟ್ಟಿಸುವುದಿಲ್ಲ. ನನಗೆ ಹಿಡಿಸಿದ್ದು ಇದೇ.

ಹಾಗಾದರೆ ಯಾವ ನೆಟ್ ಗಟ್ಟಿ ಅಂತ ತಿಳಿಯುವುದು ಹೇಗೆ? ಆಡಿಸಿಯೇ ನೋಡಬೇಕು. ತರಬೇತಿಯಲ್ಲಿ ಕಡಿಮೆ ತಪ್ಪು ಮಾಡಿದ ನೆಟ್ ಆಟದಲ್ಲಿ ಸೋಲಬಹುದು. ನೆಟ್ ದೊಡ್ಡದಾದರೆ ಅಂದಾಜು ಚೆನ್ನಾಗಿರುತ್ತದೆ, ಆದರೆ ಲೆಕ್ಕ ನಿಧಾನವಾಗಿ ಎಂಜಿನ್ ಅಷ್ಟು ಆಳ ನೋಡಲಾರದು. ಸ್ಟಾಕ್‌ಫಿಶ್ ಬಳಗ ಇದಕ್ಕೆಂದು ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ಇಟ್ಟುಕೊಂಡಿದೆ. ಸ್ವಯಂಸೇವಕರ ಕಂಪ್ಯೂಟರ್‌ಗಳಲ್ಲಿ ಹಳೆ ನೆಟ್‌ಗೂ ಹೊಸ ನೆಟ್‌ಗೂ ಸಾವಿರಾರು ಆಟ ನಡೆಯುತ್ತದೆ. ಒಂದೇ ಓಪನಿಂಗ್‌ನಿಂದ ಎರಡು ಆಟ, ಎರಡನೆಯದರಲ್ಲಿ ಬಣ್ಣ ಅದಲುಬದಲು. ಮೊದಲ ಸುತ್ತಿನಲ್ಲಿ ಇಡೀ ಆಟಕ್ಕೆ ಒಂದೊಂದು ಕಡೆಗೆ 10 ಸೆಕೆಂಡ್, ಜೊತೆಗೆ ಪ್ರತಿ ನಡೆಗೆ 0.1 ಸೆಕೆಂಡ್.

ಇಷ್ಟೊಂದು ಆಟ ಯಾಕೆ ಬೇಕು? ಹೊಸ ನೆಟ್ 2 ಎಲೊ ಅಂಕ (ಆಟದ ಬಲ ಅಳೆಯುವ ಅಂಕ) ಗಟ್ಟಿ ಅಂದುಕೊಳ್ಳಿ. 1000 ಆಟ ಆಡಿದರೆ ಅದಕ್ಕೆ ಸಿಗುವುದು ಸುಮಾರು 503 ಪಾಯಿಂಟ್, ಸಮಬಲವಿದ್ದರೆ 500. ಬರೀ ಅದೃಷ್ಟದಿಂದಲೇ ಹತ್ತು ಪಾಯಿಂಟ್ ಆಚೀಚೆ ಆಗುವ ಜಾಗದಲ್ಲಿ ಈ ಮೂರು ಪಾಯಿಂಟ್ ಕಾಣುವುದೇ ಇಲ್ಲ. ಹಾಗಂತ ಎಷ್ಟು ಆಟ ಅಂತ ಮೊದಲೇ ನಿಗದಿ ಮಾಡುವುದಿಲ್ಲ. ಸಾಕ್ಷ್ಯ ಒಂದು ಕಡೆ ಸಾಕಷ್ಟು ವಾಲುವವರೆಗೆ ಆಡಿಸುತ್ತಾರೆ. ಕೆಟ್ಟ ನೆಟ್ ಬೇಗ ಹೊರಬೀಳುತ್ತದೆ, ಸ್ವಲ್ಪವೇ ಮೇಲಿರುವ ನೆಟ್‌ಗೆ ಲಕ್ಷ ಆಟವೂ ಬೇಕಾಗಬಹುದು. ಗೆದ್ದ ಮೇಲೆ 60 ಸೆಕೆಂಡಿನ ಆಟಗಳ ಸುತ್ತು ಬೇರೆ.

ಹೆಸರಲ್ಲಿ ಆಟವಾಡಿದವರೂ ಇದ್ದಾರೆ. 2024ರ ಸ್ಟಾಕ್‌ಫಿಶ್ 16.1ರಲ್ಲಿ ದೊಡ್ಡದೊಂದು, ಚಿಕ್ಕದೊಂದು ನೆಟ್ ಇತ್ತು. ದೊಡ್ಡದರ ಹೆಸರು ಬಿ1ಎ57ಇಡಿಬಿಇಎ57. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು 1ನ್ನು ಎಲ್, 5ನ್ನು ಎಸ್, 7ನ್ನು ಟಿ ಅಂತ ಓದಿದರೆ ‘ಬ್ಲಾಸ್ಟೆಡ್ ಬೀಸ್ಟ್’! 12 ಸ್ಥಾನ, ಪ್ರತಿ ಸ್ಥಾನಕ್ಕೆ 16 ಆಯ್ಕೆ (0ರಿಂದ 9, ಎಯಿಂದ ಎಫ್). ಒಟ್ಟು ಸುಮಾರು 281 ಲಕ್ಷ ಕೋಟಿ ಹೆಸರು ಸಾಧ್ಯ. ಇದು ತಾನಾಗಿ ಬರುವಂಥದ್ದಲ್ಲ, ಹುಡುಕಿ ತಂದದ್ದು. ಒಳಗಿನ ನ್ಯೂರಾನ್‌ಗಳ ಸಾಲನ್ನು ಹಿಂದೆಮುಂದೆ ಮಾಡಿದರೆ ನೆಟ್ ಕೊಡುವ ಅಂದಾಜು ಬದಲಾಗದು, ಬೆರಳಚ್ಚು ಬದಲಾಗುತ್ತದೆ. ಅಂದರೆ ಹೆಸರು ಬೇರೆ ಇದ್ದ ಮಾತ್ರಕ್ಕೆ ಆಟ ಬೇರೆ ಆಗಬೇಕಿಲ್ಲ. ಹೆಸರು ಒಂದೇ ಇದ್ದರೆ ಮಾತ್ರ ನೆಟ್ ಒಂದೇ ಅಂತ ಗಟ್ಟಿಯಾಗಿ ಹೇಳಬಹುದು. ಸ್ಟಾಕ್‌ಫಿಶ್ 17ರ ಚಿಕ್ಕ ನೆಟ್ 37ಎಫ್18ಎಫ್62ಡಿ772. 2025ರ 17.1ರಲ್ಲೂ ಅದೇ ಹೆಸರು. ಚಿಕ್ಕ ನೆಟ್ ಮುಟ್ಟಿಲ್ಲ ಅಂತ ಫೈಲ್ ತೆರೆಯದೆಯೇ ಗೊತ್ತಾಗುತ್ತದೆ.