ಕರಗಿಸುವ ಮುನ್ನ ಹಿಂಬದಿ ನೋಡಿ

ಮಂಡ್ಯ ಸೀಮೆಯಲ್ಲಿ ಹಳೆಯ ತೊಟ್ಟಿಮನೆ ಬಿಚ್ಚುವಾಗ ಅಟ್ಟದ ಮೂಲೆಯಲ್ಲೋ ಒಡಕು ಮಡಕೆಯಲ್ಲೋ ಒಂದು ಬುಗುಡಿ, ಒಂದು ಜೊತೆ ಕೆಂಪಿನ ವಾಲೆ ಸಿಗುವುದುಂಟು. ಹುಣಸೆಹಣ್ಣಲ್ಲಿ ಉಜ್ಜಿ, ತೂಕ ಹಾಕಿಸಿ, ಮೈಸೂರಿನ ಅಶೋಕ ರಸ್ತೆಯಲ್ಲಿ ಕೊಟ್ಟು ಹೊಸ ಬಳೆ ತರುತ್ತಾರೆ. ಚಿನ್ನದ ಬೆಲೆಯೇನೋ ಸಿಗುತ್ತದೆ. ಆದರೆ ಅದು ಯಾವ ಕಾಲದ್ದು, ಹೇಗೆ ಮಾಡಿದ್ದು ಎಂಬ ಸಾಕ್ಷ್ಯ ಮೂಸೆಯಲ್ಲೇ ಅಳಿಯುತ್ತದೆ. ಆ ಸಾಕ್ಷ್ಯ ಹೆಚ್ಚಾಗಿ ಇರುವುದು ಒಡವೆಯ ಹಿಂಬದಿಯಲ್ಲಿ.

ಹಾಗಾಗಿ ಮೊದಲು ತೊಳೆಯಬೇಡಿ, ಭೂತಗನ್ನಡಿ ಹಿಡಿಯಿರಿ. ಕೈಗೆಲಸದ ಒಡವೆಯಲ್ಲಿ ಚಿನ್ನದ ಗುಂಡುಗಳು ಒಂದರಂತೆ ಇನ್ನೊಂದು ಇರುವುದಿಲ್ಲ, ಎರಕದವು ತದ್ರೂಪ. ತೊಟ್ಟು ಸವೆದ ಒಡವೆ ದಾರ ತಾಗುವ ಕಡೆ, ಮೈಗೆ ಉಜ್ಜುವ ಕಡೆ ಮಾತ್ರ ನುಣುಪಾಗಿರುತ್ತದೆ. ಎಲ್ಲೆಡೆ ಸಮನಾಗಿ ಸವೆದಿದ್ದರೆ ಅನುಮಾನಿಸಿ.

ಕೆಂಪು ಕಲ್ಲು ಇನ್ನೂ ಖಚಿತವಾಗಿ ಕಾಲ ಹೇಳಬಲ್ಲದು. ಫ್ರಾನ್ಸಿನ ಆಗಸ್ಟ್ ವೆರ್ನೂಯ್ 1902ರಲ್ಲಿ ಕೃತಕ ಮಾಣಿಕ್ಯ ತಯಾರಿಸುವ ವಿಧಾನ ಪ್ರಕಟಿಸಿದರು. ಅಲ್ಯುಮಿನಿಯಂ ಆಕ್ಸೈಡ್ ಪುಡಿ ಜ್ವಾಲೆಯಲ್ಲಿ ಕರಗಿ ಪದರಪದರವಾಗಿ ಕೂರುವುದರಿಂದ ಆ ಕಲ್ಲಿನೊಳಗೆ ಬಾಗಿದ ಗೆರೆಗಳು ಮೂಡುತ್ತವೆ. ನೆಲದಲ್ಲಿ ಬೆಳೆದ ಮಾಣಿಕ್ಯದಲ್ಲಿ ಬೆಳವಣಿಗೆಯ ಗೆರೆಗಳು ನೇರ. ಬಾಗಿದ ಗೆರೆ ಕಂಡರೆ ಆ ಕಲ್ಲು ಟಿಪ್ಪುವಿನ ಕಾಲದ್ದಾಗಲಾರದು. ಒಡವೆ ಹಳೆಯದಿದ್ದು ಕಲ್ಲು ಮಾತ್ರ ಆಮೇಲೆ ಕೂರಿಸಿದ್ದೂ ಇರಬಹುದು. ಒಳಗೆ ದುಂಡು ಗುಳ್ಳೆಗಳಿದ್ದರೆ ಬಹುಪಾಲು ಅದು ಗಾಜು, ಇಲ್ಲವೇ ಇದೇ ಕೃತಕ ಮಾಣಿಕ್ಯ.

ಇನ್ನು ಚಿನ್ನ. ಒಡವೆಯನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ತೂಕ ಕಡಿಮೆಯಾಗುತ್ತದೆ. ಮೊದಲ ತೂಕವನ್ನು ಇಳಿದ ತೂಕದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 8.9 ಗ್ರಾಂ ಇದ್ದದ್ದು 0.5 ಗ್ರಾಂ ಇಳಿದರೆ ಸಾಂದ್ರತೆ 17.8, ಅಂದರೆ 22 ಕ್ಯಾರೆಟ್‌ನ ಆಸುಪಾಸು. ಹಿತ್ತಾಳೆಯದು 8.5ರ ಸುತ್ತ. ಆದರೆ ನಮ್ಮ ಹಳೆಯ ಗುಂಡುಗಳ ಹೊಟ್ಟೆಯಲ್ಲಿ ಅರಗು ತುಂಬಿರುತ್ತಿತ್ತು. ಅರಗು ಬಲು ಹಗುರ. ಅಪ್ಪಟ ಚಿನ್ನದ ಹಾಳೆಯ ಗುಂಡೂ ಈ ಲೆಕ್ಕದಲ್ಲಿ ಹಿತ್ತಾಳೆಯಂತೆ ಕಂಡೀತು. ಅಷ್ಟಕ್ಕೇ ‘ಇದು ನಕಲಿ’ ಎಂದು ತೀರ್ಮಾನಿಸುವುದು ಅನ್ಯಾಯ. ಬಿಸಿನೀರಿನಲ್ಲಂತೂ ಹಾಕಲೇಬೇಡಿ, ಅರಗು ಮೆತ್ತಗಾಗಿ ಕಲ್ಲುಗಳು ಉದುರುತ್ತವೆ.

ಅಂಗಡಿಯ ಎಕ್ಸ್‌ರೇ ಯಂತ್ರ ಚಿನ್ನದ ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ. ಬಹುಕಾಲ ಮಣ್ಣಿನಲ್ಲಿದ್ದ ಒಡವೆಯ ಮೇಲ್ಮೈಯಿಂದ ತಾಮ್ರ, ಬೆಳ್ಳಿ ಕರಗಿ ಹೋಗಿರುವುದರಿಂದ ಮೇಲೆ ಕಾಣುವ ಶುದ್ಧತೆ ಒಳಗೆ ಇರದಿರಬಹುದು. ಅದಕ್ಕೇ ಅನುಭವಿ ಅಕ್ಕಸಾಲಿ ಒರೆಗಲ್ಲಿಗೆ ಉಜ್ಜುವ ಮುನ್ನ ಹಿಂಬದಿಯಲ್ಲಿ ತುಸು ಅರದಿಂದ ಕೆರೆಯುತ್ತಾರೆ. ಹಾಲ್‌ಮಾರ್ಕ್ ಇಲ್ಲವೆಂದು ಬೆಲೆ ಇಳಿಸಿದರೆ ಒಪ್ಪಬೇಡಿ: ನಮ್ಮಲ್ಲಿ ಚಿನ್ನಕ್ಕೆ ಆ ಮುದ್ರೆ ಬಂದದ್ದೇ 2000ದಲ್ಲಿ.

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ಒಡವೆ ಮನೆಯವರದು. ಕಾಳು ತುಂಬಿಡುವ ನೆಲಗುಳಿಯಾದ ಹಗೇವಿನಲ್ಲೋ ಪಾಯ ಅಗೆಯುವಾಗಲೋ ನೆಲದಡಿ ಸಿಕ್ಕಿದ್ದರೆ ಮಾತು ಬೇರೆ. 1962ರ ಕರ್ನಾಟಕ ನಿಧಿ ಕಾಯ್ದೆಯಿದೆ. ಸಿಕ್ಕ ಜಾಗದ ಫೋಟೋ ತೆಗೆದು, ಮಣ್ಣನ್ನೂ ಒರೆಸದೆ, ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.