ಕಾಲಿನ ಅಪಧಮನಿಯೊಳಗೆ ಬಲೂನ್ ಒಡೆದಾಗ

ತೊಡೆಯ ಅಪಧಮನಿಯ ಅಡಚಣೆಯನ್ನು ಹಿಗ್ಗಿಸಲು ಅಲ್ಲಿ ಬಲೂನ್ ಉಬ್ಬಿಸುತ್ತಿರುವಾಗ ಒತ್ತಡಮಾಪಕದ ಮುಳ್ಳು ಥಟ್ಟನೆ ಕೆಳಗಿಳಿದು, ಬಲೂನಿನಲ್ಲಿ ತುಂಬಿದ, ಎಕ್ಸ್‌ರೇ ಪರದೆಯ ಮೇಲೆ ಕಾಣುವ ಕಾಂಟ್ರಾಸ್ಟ್ ದ್ರವ ರಕ್ತದೊಂದಿಗೆ ಹರಿದುಹೋಗುವುದು ಕಂಡರೆ ಬಲೂನ್ ಒಡೆದಿದೆ ಎಂದು ತಿಳಿಯಬೇಕು. ಸುಣ್ಣಗಟ್ಟಿದ ಗೋಡೆಯ ಚೂಪು ಅಂಚು, ಇಲ್ಲವೇ ತಯಾರಕರು ಸೂಚಿಸಿದ ಮಿತಿಯನ್ನು ಮೀರಿದ ಒತ್ತಡ ಇದಕ್ಕೆ ಸಾಮಾನ್ಯ ಕಾರಣ. ಆ ಕ್ಷಣದಲ್ಲಿ ಎಲ್ಲವನ್ನೂ ಹೊರಗೆಳೆದುಬಿಡುವ ಆತುರ ಸಹಜ. ಆದರೆ ಮೊದಲು ಕಾಪಾಡಿಕೊಳ್ಳಬೇಕಾದದ್ದು ಗೈಡ್‌ವೈರ್, ಅಂದರೆ ಉಪಕರಣಗಳನ್ನು ಒಳಗೆ ಸಾಗಿಸಲು ದಾರಿಯಾಗುವ ಸಣ್ಣ ತಂತಿ. ಅದು ಅಡಚಣೆಯ ಆಚೆಗೆ ಇರುವವರೆಗೂ ಇನ್ನೊಂದು ಬಲೂನನ್ನಾಗಲಿ, ನಾಳ ತೂತಾಗಿದ್ದರೆ ರಕ್ತಸ್ರಾವವನ್ನು ತಡೆಯುವ ಕವರ್ಡ್ ಸ್ಟೆಂಟನ್ನಾಗಲಿ (ಪೊರೆ ಹೊದಿಸಿದ ಜಾಲರಿ ಕೊಳವೆ) ಒಳಗೆ ಸಾಗಿಸಲು ದಾರಿ ಇರುತ್ತದೆ.

ಹರಿದ ಬಗೆಯನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ಉದ್ದಕ್ಕೆ ಸೀಳಿದ ಬಲೂನ್ ಸಾಮಾನ್ಯವಾಗಿ ತೊಂದರೆ ಕೊಡದೆ ಹೊರಬರುತ್ತದೆ. ಸುತ್ತಳತೆಯ ಉದ್ದಕ್ಕೂ ಅಡ್ಡವಾಗಿ ಹರಿದದ್ದು ಹಾಗಲ್ಲ: ಎಳೆಯುವಾಗ ಅದರ ಮುಂದಿನ ಭಾಗ ಗಾಳಿಗೆ ತಿರುವಿಹೋದ ಕೊಡೆಯಂತೆ ಬಿಚ್ಚಿಕೊಂಡು ಉಪಕರಣಗಳು ನಾಳದೊಳಗೆ ಹೋಗಿಬರುವ ಕೊಳವೆಯಾದ ಶೀಥಿನ ಬಾಯಲ್ಲಿ ಗಂಟಾಗುತ್ತದೆ. 6 ಫ್ರೆಂಚ್ (ಕೊಳವೆಗಳ ಗಾತ್ರದ ಅಳತೆ) ಶೀಥಿನ ಒಳವ್ಯಾಸ ಸುಮಾರು 2 ಮಿಲಿಮೀಟರ್ ಮಾತ್ರವೆಂಬುದನ್ನು ನೆನೆದರೆ, ಅಲ್ಲಿ ಬಲ ಹಾಕಿದಾಗ ಬಲೂನನ್ನು ಹೊತ್ತ ಸಣ್ಣ ಕೊಳವೆಯಾದ ಕ್ಯಾತಿಟರ್ ಏಕೆ ತುಂಡಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಆದ್ದರಿಂದ ಕ್ಯಾತಿಟರನ್ನು ಒಂದೇ ದಿಕ್ಕಿಗೆ ಮೆಲ್ಲನೆ ತಿರುಗಿಸಿ ಹರಿದ ಪೊರೆ ಸುತ್ತಿಕೊಳ್ಳುವಂತೆ ಮಾಡಿ ನೋಡಬೇಕು. ಆಗಲೂ ಒಳಸೇರದಿದ್ದರೆ ವೈರನ್ನು ಅಲ್ಲೇ ಉಳಿಸಿಕೊಂಡು ಶೀಥ್ ಮತ್ತು ಬಲೂನನ್ನು ಒಟ್ಟಿಗೆ ತೆಗೆದು, ಅದೇ ವೈರಿನ ಮೇಲೆ ಹೊಸ ಶೀಥ್ ಹಾಕುವುದು ಸುರಕ್ಷಿತ. ತುಂಡು ಒಳಗೇ ಉಳಿದರೆ ಕುಣಿಕೆಯಂತಿರುವ ಸ್ನೇರಿನಿಂದ ಹಿಡಿದು ತೆಗೆಯಲು ಯತ್ನಿಸಬಹುದು. ಅದೂ ಫಲಿಸದಿದ್ದರೆ ತುಂಡನ್ನು ಸ್ಟೆಂಟಿನಿಂದ ಗೋಡೆಗೆ ಒತ್ತಿಡುವುದು ಅಥವಾ ಶಸ್ತ್ರಚಿಕಿತ್ಸೆ ಉಳಿದ ದಾರಿಗಳು. ನನ್ನ ಅಭಿಪ್ರಾಯದಲ್ಲಿ ಶಸ್ತ್ರಚಿಕಿತ್ಸಕರನ್ನು ಕೊನೆಗೆ ಕರೆಯುವುದಕ್ಕಿಂತ ಮೊದಲೇ ಎಚ್ಚರಿಸಿಡುವುದು ಒಳ್ಳೆಯದು.

ಉಬ್ಬಿದ ಬಲೂನ್ ಮತ್ತೆ ಇಳಿಯದಿರುವುದು ಇದಕ್ಕೆ ವಿರುದ್ಧವಾದ, ಅಪರೂಪದ ತೊಡಕು. ಕ್ಯಾತಿಟರ್ ಮಡಚಿದೆಯೇ, ಕಾಂಟ್ರಾಸ್ಟ್ ದ್ರವ ತೀರಾ ಗಟ್ಟಿಯಾಗಿದೆಯೇ ಎಂದು ನೋಡಿ, ದೊಡ್ಡ ಸಿರಿಂಜಿನಿಂದ ಸತತವಾಗಿ ಹೀರಿ ಸಾಕಷ್ಟು ಸಮಯ ಕೊಡಬೇಕು. ಅಷ್ಟಕ್ಕೂ ಇಳಿಯದಿದ್ದರೆ, ನಾಳ ಚರ್ಮಕ್ಕೆ ಹತ್ತಿರವಿರುವ ಕಡೆ ಸ್ಕ್ಯಾನಿಂಗ್ ನೋಡುತ್ತ ಸೂಜಿಯಿಂದ ಬಲೂನನ್ನು ಚುಚ್ಚುವ ಉಪಾಯವೂ ಇದೆ.

ಹೊರಬಂದ ಬಲೂನನ್ನು ಟ್ರೇಯಲ್ಲಿ ಹರಡಿ, ತುದಿ ಮತ್ತು ಗುರುತಿನ ಲೋಹದ ಉಂಗುರಗಳು ಎಲ್ಲವೂ ಇವೆಯೇ ಎಂದು ಅದೇ ಬಗೆಯ ಹೊಸ ಬಲೂನಿನೊಂದಿಗೆ ಹೋಲಿಸಬೇಕು. ಅನಂತರ ಪಾದದವರೆಗೆ ಆಂಜಿಯೋಗ್ರಾಂ (ಕಾಂಟ್ರಾಸ್ಟ್ ಹಾಯಿಸಿ ತೆಗೆಯುವ ರಕ್ತನಾಳಗಳ ಎಕ್ಸ್‌ರೇ) ಮಾಡಿ, ಕಾಂಟ್ರಾಸ್ಟ್ ಎಲ್ಲಿಯಾದರೂ ಹೊರಸೋರುತ್ತಿದೆಯೇ, ಮೊದಲು ಕಾಣುತ್ತಿದ್ದ ಕವಲೊಂದು ಈಗ ಮಾಯವಾಗಿದೆಯೇ ಎಂದು ನೋಡದೆ ವೈರನ್ನು ತೆಗೆಯಬಾರದು.