ನಾಲ್ಕು ದಿನ, ಒಂದೇ ಊರು: ಅಂಕೋರ್ ನೋಡುವ ಲೆಕ್ಕ

ಕಳೆದ ವರ್ಷ ನನ್ನ ಆಫೀಸಿಗೆ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, 68 ವರ್ಷದ ಅಮ್ಮ. ಕೈಯಲ್ಲಿ ಒಂದು ಹಾಳೆ. ಆರು ದಿನದಲ್ಲಿ ಬ್ಯಾಂಕಾಕ್, ನಾಮ್ ಪೆನ್, ಸಿಯೆಮ್ ರೀಪ್, ಹೋ ಚಿ ಮಿನ್ ಸಿಟಿ. "ಅಷ್ಟು ದೂರ ಹೋಗ್ತೀವಲ್ಲ ಸರ್, ಎಲ್ಲಾ ನೋಡ್ಕೊಂಡೇ ಬಂದ್ಬಿಡೋಣ" ಅಂದರು ಮಗ.

ನಾನು ಅಮ್ಮನ ಕಡೆ ತಿರುಗಿ, "ನಿಮಗೆ ಏನು ನೋಡಬೇಕಮ್ಮಾ?" ಅಂತ ಕೇಳಿದೆ. "ಅಲ್ಲಿ ಗೋಡೆ ಮೇಲೆ ಮಹಾಭಾರತ ಕೆತ್ತಿದ್ದಾರಂತೆ. ಅದನ್ನ ನೋಡ್ಬೇಕಪ್ಪ" ಅಂದರು. ಹಾಳೆಯಲ್ಲಿದ್ದ ನಾಲ್ಕು ಊರಲ್ಲಿ ಮೂರಕ್ಕೆ ಗೀಟು ಎಳೆದೆ. ಉಳಿದದ್ದು ಸಿಯೆಮ್ ರೀಪ್, ಕಾಂಬೋಡಿಯಾದ ಅಂಕೋರ್ ದೇವಸ್ಥಾನಗಳ ಪಕ್ಕದ ಊರು.

ಚಿಕ್ಕ ಪ್ರವಾಸದಲ್ಲಿ ಊರುಗಳನ್ನು ಎಣಿಸಬೇಡಿ, ಬೆಳಕಿರುವ ಗಂಟೆಗಳನ್ನು ಎಣಿಸಿ. ಒಂದು ಊರು ಬಿಟ್ಟು ಇನ್ನೊಂದಕ್ಕೆ ಹೋಗಲು ವಿಮಾನದಲ್ಲಿ ಒಂದೇ ಗಂಟೆ ಇರಬಹುದು. ಆದರೆ ರೂಮ್ ಖಾಲಿ ಮಾಡಬೇಕು, ಎರಡು ಗಂಟೆ ಮುಂಚೆ ವಿಮಾನ ನಿಲ್ದಾಣ ಸೇರಬೇಕು, ಇಳಿದ ಮೇಲೆ ಮತ್ತೆ ಊರೊಳಗೆ ಹೋಗಬೇಕು. ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ. ಅದು ಊರಿಂದ 40 ಕಿ.ಮೀ.ಗಿಂತ ಜಾಸ್ತಿ ದೂರ. ಹೀಗೆ ಒಂದೊಂದು ಊರು ಬದಲಿಸುವಾಗಲೂ ಅರ್ಧ ದಿನ ಕೈಬಿಟ್ಟು ಹೋಗುತ್ತದೆ.

ಬೆಂಗಳೂರಿಂದ ಹೋಗುವವರು ಸಾಮಾನ್ಯವಾಗಿ ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸುತ್ತಾರೆ. ಒಂದೇ ಟಿಕೆಟ್‌ನಲ್ಲಿ ಎರಡೂ ವಿಮಾನ ಇರಲಿ. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ, ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್. ನನ್ನ ಮೊದಲ ಸಲದ ಪ್ರವಾಸದಲ್ಲಿ ದುಡ್ಡು ಉಳಿಯುತ್ತದೆ ಅಂತ ಬೇರೆ ಬೇರೆ ಟಿಕೆಟ್ ತೆಗೆದಿದ್ದೆ. ಒಂದರಲ್ಲಿ ಇಳಿದು ಇನ್ನೊಂದಕ್ಕೆ ಟ್ಯಾಕ್ಸಿಯಲ್ಲಿ ಹೋಗುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ವಿಮಾನ ತಪ್ಪಿತು. ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಯಿತು, ಒಂದು ದಿನವೂ ಹೋಯಿತು. ಥಾಯ್ಲೆಂಡಿಂದ ಬಸ್ಸಿನಲ್ಲಿ ಗಡಿ ದಾಟುವ ಯೋಚನೆಯನ್ನಂತೂ ಬಿಟ್ಟುಬಿಡಿ. 2025ರಲ್ಲಿ ಎರಡು ದೇಶಗಳ ನಡುವೆ ಗಡಿ ಸಂಘರ್ಷವಾಗಿ ರಸ್ತೆ ದಾರಿ ಮುಚ್ಚಿತ್ತು. ಟಿಕೆಟ್ ತೆಗೆಯುವ ಮುಂಚೆ ನಮ್ಮ ವಿದೇಶಾಂಗ ಇಲಾಖೆಯ ಸೂಚನೆಯನ್ನು ಒಮ್ಮೆ ಓದಿ.

ವೀಸಾಕ್ಕೆ ಕಾಂಬೋಡಿಯಾ ಸರ್ಕಾರದ ಇ-ವೀಸಾ ಇದೆ. ಅದೇ ವೇಷದ ಖಾಸಗಿ ಸೈಟುಗಳು ಹುಡುಕಿದಾಗ ಮೇಲೇ ಬರುತ್ತವೆ, ಜಾಸ್ತಿ ಹಣ ಕೀಳುತ್ತವೆ. ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಕೆಎಚ್' ಇದೆಯಾ ಅಂತ ನೋಡಿಕೊಳ್ಳಿ. ಹೊರಡುವ ವಾರದಲ್ಲಿ ಇ-ಅರೈವಲ್ ಫಾರ್ಮ್ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಅಲ್ಲಿ ಅಮೆರಿಕನ್ ಡಾಲರ್ ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ಅಲ್ಲಿನ ರಿಯೆಲ್‌ನಲ್ಲಿ ಕೊಡುತ್ತಾರೆ. ಅಂಚು ಚೂರು ಹರಿದ ನೋಟನ್ನೂ ವಾಪಸ್ ಕೊಡುತ್ತಾರೆ. ಇಲ್ಲೇ ಒಂದೊಂದು ನೋಟನ್ನೂ ತಿರುಗಿಸಿ ನೋಡಿ ತೆಗೆದುಕೊಳ್ಳಿ.

ಯಾವಾಗ ಹೋಗೋದು? ಮಕ್ಕಳ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಕೇಳುವವರೇ ಜಾಸ್ತಿ. ನಾನು ಬೇಡ ಅನ್ನುತ್ತೇನೆ. ಅಲ್ಲಿ ಅದು ಅತಿ ಸೆಕೆಯ ತಿಂಗಳು. ಕಲ್ಲು ಕಾದು ಮಧ್ಯಾಹ್ನ ನಿಲ್ಲಲಾಗುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷವೂ ಬಂದು ಜನ ತುಂಬುತ್ತಾರೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ದಸರಾ ರಜೆಯಲ್ಲೂ ಹೋಗಬಹುದು, ಮಳೆ ಇರುತ್ತದೆ. ಆದರೆ ಕಂದಕ, ಕೊಳಗಳೆಲ್ಲ ತುಂಬಿ ಎಲ್ಲ ಕಡೆ ಹಸಿರು. ಟೋನ್ಲೆ ಸಾಪ್ ಕೆರೆಯೂ ಆಗ ಉಬ್ಬಿರುತ್ತದೆ. ಕಂಬಗಳ ಮೇಲೆ ಕಟ್ಟಿದ ಮನೆಗಳ ಊರಿಗೆ ದೋಣಿಯಲ್ಲಿ ಹೋಗಲು ಅದೇ ಸರಿಯಾದ ಕಾಲ.

ದೇವಸ್ಥಾನಗಳಿಗೆಲ್ಲ ಸೇರಿ ಒಂದೇ ಪಾಸ್. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ ಪಾಸ್ ತೆಗೆದುಕೊಳ್ಳಿ. ಸತತ ಮೂರು ದಿನ ಆಗಬೇಕಿಲ್ಲ, 10 ದಿನದೊಳಗೆ ಯಾವ ಮೂರು ದಿನವಾದರೂ ನಡೆಯುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಇಲ್ಲದಿದ್ದರೆ ಅಂಕೋರ್ ವಾಟ್‌ನ ಮೇಲಿನ ಹಂತಕ್ಕೆ ಹತ್ತಲು ಬಿಡುವುದಿಲ್ಲ.

ದಿನದ ಕ್ರಮ ಇಷ್ಟೇ: ಬೆಳಗ್ಗೆ ಬೇಗ ಹೊರಟು 11ರೊಳಗೆ ವಾಪಸ್. ಊಟ, ನಿದ್ದೆ. ಮತ್ತೆ ಮೂರಕ್ಕೆ ಹೊರಡುವುದು. ಅಲ್ಲಿಯ ಆಟೋ ಅಂದರೆ ಬೈಕಿಗೆ ಗಾಡಿ ಕಟ್ಟಿದ ಟುಕ್‌ಟುಕ್. ಒಬ್ಬನೇ ಡ್ರೈವರನ್ನು ಮೂರೂ ದಿನಕ್ಕೆ ಮಾತಾಡಿಕೊಳ್ಳಿ, ನಿಮ್ಮ ನಡಿಗೆಯ ವೇಗ ಅವನಿಗೆ ಗೊತ್ತಾಗಿರುತ್ತದೆ.

ಮೊದಲ ಬೆಳಗ್ಗೆಯೇ ಅಂಕೋರ್ ವಾಟ್‌ಗೆ ಓಡಬೇಡಿ. ಬಾಂತಿಯಾಯ್ ಸ್ರೇಗೆ ಹೋಗಿ. ಊರಿಂದ ಗಂಟೆ ದಾರಿ. ಕ್ರಿ.ಶ. 967ರ ಚಿಕ್ಕ ಶಿವಾಲಯ. ನಸುಗೆಂಪು ಮರಳುಗಲ್ಲು, ಮರದ ಕೆತ್ತನೆಯೇನೋ ಅನ್ನುವಷ್ಟು ನಾಜೂಕು. ಒಂದು ಕಡೆ ರಾವಣ ಕೈಲಾಸ ಅಲುಗಾಡಿಸುತ್ತಿದ್ದಾನೆ, ಪಾರ್ವತಿ ಹೆದರಿ ಶಿವನಿಗೆ ಒರಗಿದ್ದಾಳೆ. ಹಳೇಬೀಡಿನಲ್ಲಿ ಇದೇ ಕಥೆ ನೋಡಿದವರಿಗೆ ಕಾಲು ಕೀಳಲು ಮನಸ್ಸಾಗುವುದಿಲ್ಲ. ದೇವಸ್ಥಾನ ಚಿಕ್ಕದಾದ್ದರಿಂದ ಕಣ್ಣು ಪಳಗುತ್ತದೆ. ಆಮೇಲೆ ದೊಡ್ಡದನ್ನು ನೋಡಿದಾಗ ದಿಕ್ಕು ತಪ್ಪಿದ ಹಾಗಾಗುವುದಿಲ್ಲ.

ಎರಡನೇ ದಿನ ಐದು ಗಂಟೆಗೆ ಅಂಕೋರ್ ವಾಟ್. ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗೆ ಕಟ್ಟಿಸಿದ್ದು. ಇಲ್ಲಿ ವಿಷ್ಣುವರ್ಧನ ಬೇಲೂರು ಕಟ್ಟಿಸುತ್ತಿದ್ದ ಕಾಲವೇ ಅದು. ದೇವಸ್ಥಾನ ಪಶ್ಚಿಮಕ್ಕೆ ಮುಖ ಮಾಡಿದೆ, ಹಾಗಾಗಿ ಸೂರ್ಯ ಗೋಪುರಗಳ ಹಿಂದಿನಿಂದ ಏಳುತ್ತಾನೆ. ಕೊಳದ ಮುಂದೆ ಜನವೋ ಜನ. ಸೂರ್ಯ ಬಂದ ಮೇಲೆ ಬಹಳಷ್ಟು ಮಂದಿ ತಿಂಡಿಗೆ ವಾಪಸ್ ಹೋಗುತ್ತಾರೆ. ನೀವು ಆಗಲೇ ಒಳಗೆ ಹೋಗಿ, ನೇರ ಪೂರ್ವದ ಕೈಸಾಲೆಗೆ. ಎಳೆ ಬಿಸಿಲು ಕಂಬಗಳ ಮಧ್ಯೆ ತೂರಿ ಸಮುದ್ರಮಥನದ ಮೇಲೆ ಬೀಳುತ್ತಿರುತ್ತದೆ. ಸುಮಾರು 49 ಮೀಟರ್ ಉದ್ದದ ಗೋಡೆ ಅದು. ಎಡಕ್ಕೆ ಗುಡ್ಡೆಗಣ್ಣಿನ ಅಸುರರು, ಬಲಕ್ಕೆ ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ಅದರ ಅಕ್ಕಪಕ್ಕ ಮೀನು, ಮೊಸಳೆಗಳನ್ನು ಬಗ್ಗಿ ನೋಡಿ. ಕಡೆಗೋಲಿನ ಹತ್ತಿರ ಇರುವವು ನೀರಿನ ಸೆಳೆತಕ್ಕೆ ತುಂಡಾಗಿವೆ. ಶಿಲ್ಪಿ ಅದನ್ನೂ ಬಿಟ್ಟಿಲ್ಲ.

ಇಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ ಸುತ್ತಿದರೆ ಕಥೆ ತಿರುಗುಮುರುಗಾಗುತ್ತದೆ. ಉಬ್ಬುಶಿಲ್ಪಗಳ ಕ್ರಮ ಅಪ್ರದಕ್ಷಿಣೆಯಾಗಿದೆ, ದೇವಸ್ಥಾನ ನಿಮ್ಮ ಎಡಗೈಗೆ ಇರಬೇಕು. ಕುರುಕ್ಷೇತ್ರ ಇರುವುದು ಪಶ್ಚಿಮದ ಕೈಸಾಲೆಯ ದಕ್ಷಿಣ ಭಾಗದಲ್ಲಿ. ಅಲ್ಲಿ ಚೆನ್ನಾದ ಬೆಳಕು ಸಂಜೆ ಬರುತ್ತದೆ. ಅದಕ್ಕೇ ಅದನ್ನು ಇನ್ನೊಂದು ದಿನದ ಮಧ್ಯಾಹ್ನಕ್ಕೆ ಇಡುತ್ತೇನೆ.

ಮೂರನೇ ಬೆಳಗ್ಗೆ ಬಯೋನ್ ದೇವಸ್ಥಾನದ ಕಲ್ಲಿನ ಮುಖಗಳು, ಆಮೇಲೆ ತಾ ಪ್ರೋಮ್. ಮರದ ಬೇರು ಗೋಡೆಯನ್ನು ಅಪ್ಪಿ ಹಿಡಿದಿರುವ ಈ ಗುಡಿಯ ದುರಸ್ತಿಯಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ದುಡಿದಿದ್ದಾರೆ.

ಆ ಅಮ್ಮನ ಪಟ್ಟಿಯಲ್ಲಿ ಮೂರನೇ ಮಧ್ಯಾಹ್ನ ಕುರುಕ್ಷೇತ್ರಕ್ಕೆ, ನಾಲ್ಕನೇ ದಿನ ವಿರಾಮಕ್ಕೆ ಮತ್ತು ಕೆರೆಗೆ ಅಂತ ಬರೆದುಕೊಟ್ಟಿದ್ದೆ. ವಾಪಸ್ ಬಂದ ಮೇಲೆ ಮಗ ಹೇಳಿದರು. ಗೋಡೆಯ ಮೇಲ್ಭಾಗದಲ್ಲಿ ಬಾಣಗಳ ಮೇಲೆ ಮಲಗಿದ್ದ ಭೀಷ್ಮನನ್ನು ಮೊದಲು ಗುರುತು ಹಿಡಿದದ್ದು ಅಮ್ಮನೇ. ಅಲ್ಲಿಂದ ಕೃಷ್ಣ ಎಲ್ಲಿ, ಅರ್ಜುನ ಎಲ್ಲಿ ಅಂತ ಒಬ್ಬೊಬ್ಬರನ್ನೇ ಹುಡುಕುತ್ತಾ ಹೋದರಂತೆ. ಆಮೇಲೆ ಉತ್ತರ ಭಾಗದಲ್ಲಿ ಲಂಕಾ ಯುದ್ಧ ಇದೆ ಅಂತ ಗೊತ್ತಾಗಿ ಅತ್ತ ನಡೆದರು. ಕಾವಲುಗಾರರು ಬಂದು ಬಾಗಿಲು ಹಾಕುವ ಹೊತ್ತಾಯಿತು ಅನ್ನುವವರೆಗೂ ಅಲ್ಲೇ ನಿಂತಿದ್ದರಂತೆ.